ಮಿಕ್ಸರ್ ಮುಂದೆ ಕುಳಿತವರೂ ವಾದ್ಯಗಾರರೇ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಜಪಾನಿನ ಜಾಝ್ ಸಂಗೀತವನ್ನು ಕುರಿತು ಬಂದ ಕಿರುಲೇಖನಕ್ಕೆ ವಾಚಕರೊಬ್ಬರು ಬರೆದ ಪ್ರತಿಕ್ರಿಯೆಯನ್ನು ಗಮನವಿಟ್ಟು ಓದಿದ್ದೇನೆ. ಬೀಬಾಪ್‌ನಂತಹ ಕಟ್ಟುನಿಟ್ಟಿನ ಜಾಝ್ ಶೈಲಿಗೆ ಎಕೋ (ಮರುದನಿ), ರಿವರ್ಬ್ (ದೊಡ್ಡ ಕೋಣೆಯಲ್ಲಿನಂತೆ ದನಿ ಅನುರಣಿಸುತ್ತ ಉಳಿಯುವುದು) ಮುಂತಾದ ಎಲೆಕ್ಟ್ರಾನಿಕ್ ಪರಿಣಾಮಗಳನ್ನು ಬೆರೆಸಿದರೆ ಅದು ಸಂಗೀತವಾಗುವುದಿಲ್ಲ, ಯಂತ್ರದ ಗದ್ದಲವಾಗುತ್ತದೆ ಎಂದು ಅವರು ಬರೆದಿದ್ದಾರೆ. ಅಮೆರಿಕದವರ ಸಂಗೀತವನ್ನು ಜಪಾನಿನವರು ನಕಲು ಮಾಡಿ ಆ ನಕಲಿನ ಮೇಲೆ ಯಂತ್ರದ ಬಣ್ಣ ಬಳಿದಿದ್ದಾರೆ ಎಂಬುದು ಅವರ ತೀರ್ಪು. ಅಲ್ಲಿಗೇ ನಿಲ್ಲದೆ, ನಮ್ಮ ಕೊಡಗಿನ ದಸರಾ, ಪುತ್ತರಿ ಮತ್ತು ಮದುವೆಯ ವೇದಿಕೆಗಳಿಂದಲೂ ಇಂತಹ ಉಪಕರಣಗಳನ್ನು ಪೂರ್ತಿಯಾಗಿ ದೂರವಿಡಬೇಕೆಂದು ಅವರು ಒತ್ತಾಯಿಸಿದ್ದಾರೆ. ಅವರ ಬೇಸರ ಎಲ್ಲಿಂದ ಬಂದದ್ದೆಂದು ಊಹಿಸಬಲ್ಲೆ. ವಿಜಯದಶಮಿಯ ರಾತ್ರಿ ಮಡಿಕೇರಿಯ ಬೀದಿಯಲ್ಲಿ ನಿಂತು ಎದೆ ನಡುಗಿಸಿಕೊಂಡವರಿಗೆಲ್ಲ ಅದು ಅರ್ಥವಾದೀತು. ಆದರೆ ಅವರು ದೂಷಿಸಬೇಕಾದದ್ದನ್ನು ಬಿಟ್ಟು ಬೇರೆಯದನ್ನು ದೂಷಿಸಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಹಲವು ಮೈಕುಗಳ ಧ್ವನಿಯನ್ನು ಬೆರೆಸುವ ಮಿಕ್ಸರ್‌ನಂತಹ ಯಂತ್ರವನ್ನು ಕೈಯಲ್ಲಿ ಹಿಡಿದವರನ್ನು ಸಂಗೀತಗಾರರೆಂದು ನಾವು ಎಣಿಸುವುದಿಲ್ಲ, ಅವರಿಂದ ಸಂಗೀತಗಾರರ ಹೊಣೆಯನ್ನು ನಿರೀಕ್ಷಿಸುವುದೂ ಇಲ್ಲ. ಕೆಡುಕೆಲ್ಲ ಅಲ್ಲಿಂದ ಹುಟ್ಟುತ್ತದೆ. ಇದನ್ನು ವಿವರಿಸಲು, ಅವರು ಹಳಿದಿರುವ ಆ ಜಪಾನೀ ಸಂಗೀತಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಂತೆ ಇನ್ನೊಂದಿಲ್ಲ.

ಲೇಖನದಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ಆ ತಂಡದ ಹೆಸರು ನರುಯೋಶಿ ಕಿಕುಚಿ ಡಬ್ ಸೆಕ್ಸ್‌ಟೆಟ್; ಸೆಕ್ಸ್‌ಟೆಟ್ ಎಂದರೆ ಆರು ಜನರ ತಂಡ, ಡಬ್ ಎಂದರೇನೆಂಬುದು ಮುಂದೆ ಬರುತ್ತದೆ. ಕಿಕುಚಿ 1963ರಲ್ಲಿ ಜಪಾನಿನ ಚಿಬಾ ಪ್ರಾಂತ್ಯದ ಚೋಶಿ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕರು. ಜಾಝ್ ಚರಿತ್ರೆಯನ್ನು ಕುರಿತು ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳನ್ನು ನೀಡಿದವರು, ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಸಂಗೀತವನ್ನು ಕುರಿತು ಸಹಲೇಖಕರೊಡನೆ ದಪ್ಪ ಗ್ರಂಥವನ್ನೇ ಬರೆದವರು. ಹೀಗಾಗಿ, ಪರಂಪರೆ ಗೊತ್ತಿಲ್ಲದವರು ಹುಡುಗಾಟಕ್ಕೆ ಯಂತ್ರ ತಿರುಗಿಸಿದ್ದಾರೆ ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿಲ್ಲ. 1999ರಲ್ಲಿ ಅವರು ಕಟ್ಟಿದ ಮೊದಲಿನ ದೊಡ್ಡ ತಂಡ 1970ರ ದಶಕದ ಮೈಲ್ಸ್ ಅವರ ವಿದ್ಯುತ್ ವಾದ್ಯಗಳ ಸಂಗೀತದ ಜಾಡು ಹಿಡಿದಿತ್ತು. 2007ರಲ್ಲಿ ಮೊದಲ ಆಲ್ಬಂ ಹೊರತಂದ ಡಬ್ ಸೆಕ್ಸ್‌ಟೆಟ್ ಅದಕ್ಕಿಂತ ಹಿಂದಕ್ಕೆ ಹೋಗಿ, 1960ರ ದಶಕದ ನಡುವಿನ ಮೈಲ್ಸ್ ಪಂಚವಾದ್ಯ ತಂಡದ ಮಾದರಿಯನ್ನು ಎತ್ತಿಕೊಂಡಿತು: ಸ್ಯಾಕ್ಸೊಫೋನ್, ಟ್ರಂಪೆಟ್, ಪಿಯಾನೊ, ಬಾಸ್ ಮತ್ತು ಡ್ರಮ್ಸ್. ಟ್ರಂಪೆಟ್ ಶಿಂಪೇ ರುಯಿಕೆ ಅವರದು. ಅವರು ಮೊದಲು ಜಪಾನಿನ ನೌಕಾ ರಕ್ಷಣಾ ಪಡೆಯ ಬ್ಯಾಂಡಿನಲ್ಲಿ ಇದ್ದವರು. ಪಿಯಾನೊ ಮಸಾಯಾಸು ತ್ಸುಬೊಗುಚಿ ಅವರದು, ಬಾಸ್ ಮಸಾತೊ ಸುಝುಕಿ ಅವರದು, ಡ್ರಮ್ಸ್ ಜಾಝ್ ಮನೆತನದಲ್ಲೇ ಬೆಳೆದ ತಮಾಯಾ ಹೊಂಡಾ ಅವರದು. ಈ ಐವರು ನುಡಿಸುವುದು ಬೀಬಾಪ್‌ನಿಂದ ನೇರವಾಗಿ ಬೆಳೆದುಬಂದ ಜಾಝ್.

ಆರನೆಯವರು ಪಾರ್ಡನ್ ಕಿಮುರಾ. ಊದುವ, ಬಾರಿಸುವ ಅಥವಾ ಮೀಟುವ ಯಾವ ವಾದ್ಯವೂ ಅವರ ಬಳಿ ಇಲ್ಲ. ಐವರ ಮೈಕುಗಳಿಂದ ಬರುವ ಧ್ವನಿಯನ್ನು, ಅವರು ನುಡಿಸುತ್ತಿರುವಾಗಲೇ, ಎಕೋ ಮತ್ತು ಫಿಲ್ಟರುಗಳ (ಧ್ವನಿಯ ಕೆಲವು ಸ್ಥಾಯಿಗಳನ್ನು ಕತ್ತರಿಸುವ ಸಾಧನಗಳ) ಮೂಲಕ ಹಾಯಿಸಿ ಮತ್ತೆ ಅದೇ ಸಂಗೀತದೊಳಕ್ಕೆ ಬಿಡುವುದು ಅವರ ಕೆಲಸ. ಆದರೂ ತಂಡದ ಹೆಸರಿನಲ್ಲಿರುವುದು ಆರು ಜನರ ಲೆಕ್ಕ. ನಮ್ಮಲ್ಲಾಗಿದ್ದರೆ ಕರಪತ್ರದ ಕೊನೆಯ ಸಾಲಿನಲ್ಲಿ ‘ಧ್ವನಿ ಮತ್ತು ಬೆಳಕು’ ಎಂದು ಯಾವುದೋ ಬಾಡಿಗೆ ಅಂಗಡಿಯ ಹೆಸರು ಬರುತ್ತಿತ್ತು, ಅದೂ ಜಾಗ ಉಳಿದಿದ್ದರೆ.

ಈ ಬೆರಕೆ ಎಷ್ಟು ಕಷ್ಟದ್ದೆಂದು ತಿಳಿಯಲು ಬೀಬಾಪ್ ಎಂದರೇನೆಂಬುದನ್ನು ಸ್ವಲ್ಪ ನೋಡಬೇಕು. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಮಿಂಟನ್ಸ್ ಪ್ಲೇಹೌಸ್‌ನಂತಹ ಸಣ್ಣ ಕ್ಲಬ್ಬುಗಳಲ್ಲಿ, ಕುಣಿತಕ್ಕೆ ನುಡಿಸಿ ನುಡಿಸಿ ಬೇಸತ್ತ ಕಪ್ಪು ಸಂಗೀತಗಾರರು ತಡರಾತ್ರಿ ಸೇರಿ ತಮ್ಮತಮ್ಮೊಳಗೇ ಪಣ ಕಟ್ಟಿದಂತೆ ನುಡಿಸುತ್ತ ಬೆಳೆಸಿದ ಶೈಲಿ ಅದು. ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್, ಟ್ರಂಪೆಟ್‌ನ ಡಿಝಿ ಗಿಲೆಸ್ಪಿ, ಪಿಯಾನೊದ ಥೆಲೋನಿಯಸ್ ಮಂಕ್, ಡ್ರಮ್ಸ್‌ನ ಕೆನ್ನಿ ಕ್ಲಾರ್ಕ್ ಅದರ ಮೂಲಪುರುಷರು. 1942ರ ಆಗಸ್ಟ್‌ನಲ್ಲಿ ಅಲ್ಲಿನ ಸಂಗೀತಗಾರರ ಸಂಘ ಧ್ವನಿಮುದ್ರಣದ ವಿರುದ್ಧ ಹೂಡಿದ ಮುಷ್ಕರ ದೊಡ್ಡ ಕಂಪನಿಗಳ ಮಟ್ಟಿಗೆ 1944ರ ನವೆಂಬರ್‌ವರೆಗೂ ನಡೆದುದರಿಂದ, ಬೀಬಾಪ್‌ನ ಬಾಲ್ಯ ಬಹುಪಾಲು ರೆಕಾರ್ಡುಗಳಲ್ಲಿ ದಾಖಲಾಗಲೇ ಇಲ್ಲ. 1945ರಲ್ಲಿ ರೆಕಾರ್ಡುಗಳು ಹೊರಬಂದಾಗ ಎಷ್ಟೋ ಕೇಳುಗರು ಅದನ್ನೂ ಗದ್ದಲವೆಂದೇ ಕರೆದರು. ಇಂದು ನಮ್ಮ ವಾಚಕರು ‘ಶಾಸ್ತ್ರೀಯ’ ಎಂದು ಗೌರವಿಸಿ ಕಾಪಾಡಲು ಹೊರಟಿರುವುದು ಅದೇ ಗದ್ದಲವನ್ನು ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ.

ಬೀಬಾಪ್‌ನಲ್ಲಿ ವಾದಕರು ಹಳೆಯ ಜನಪ್ರಿಯ ಹಾಡೊಂದರ ಸ್ವರಮೇಳಗಳ ಸರಣಿಯನ್ನು, ಅಂದರೆ ಕಾರ್ಡುಗಳನ್ನು, ಉಳಿಸಿಕೊಂಡು ಅದರ ಮೇಲೆ ಹೊಸ ರಚನೆಯನ್ನು ಕೂರಿಸುತ್ತಾರೆ; ಅದನ್ನು ಒಮ್ಮೆ ನುಡಿಸಿ, ಆಮೇಲೆ ಸರದಿಯಂತೆ ಒಬ್ಬೊಬ್ಬರೂ ಆಶುವಾಗಿ ಬೆಳೆಸುತ್ತಾರೆ. ನಮ್ಮ ಕಲ್ಪನಾಸ್ವರ ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ಒಂದು ವ್ಯತ್ಯಾಸ ದೊಡ್ಡದು. ನಮ್ಮಲ್ಲಿ ಕಾಲ ಕೆಳಗಿನ ನೆಲ ಅಲುಗುವುದಿಲ್ಲ. ಷಡ್ಜ ಷಡ್ಜವಾಗಿಯೇ ಇರುತ್ತದೆ, ರಾಗ ಅದೇ ರಾಗವಾಗಿರುತ್ತದೆ. ಬೀಬಾಪ್‌ನಲ್ಲಿ ಒಂದು ಸೆಕೆಂಡಿಗೊಮ್ಮೆಯೋ ಅದಕ್ಕಿಂತ ಬೇಗವೋ ಸ್ವರಮೇಳ ಬದಲಾಗುತ್ತದೆ, ಮತ್ತು ಈಗ ಇಂಪಾಗಿದ್ದ ಸ್ವರ ಮರುಕ್ಷಣ ಅಪಸ್ವರವಾಗಬಹುದು. ಮೋಹನದ ಗಾಂಧಾರ ಒಂದು ಕ್ಷಣ ತಡವಾಗಿ ಮರಳಿ ಬಂದರೂ ಅದು ಮೋಹನದ್ದೇ ಗಾಂಧಾರ. ಚಾರ್ಲಿ ಪಾರ್ಕರ್ ಶೈಲಿಯ ಒಂದು ಸ್ವರ ಅರ್ಧ ಸೆಕೆಂಡ್ ತಡವಾಗಿ ಮರಳಿದರೆ ಅಷ್ಟರಲ್ಲಿ ಅದರ ಮನೆಯೇ ಖಾಲಿಯಾಗಿರುತ್ತದೆ.

ಇನ್ನು ಡಬ್ ಎಂಬುದರ ಹುಟ್ಟೂರು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್. 1960ರ ದಶಕದ ಕೊನೆಯಲ್ಲಿ ಅಲ್ಲಿನ ಮೈಕ್‌ಸೆಟ್ ತಂಡದವರು ಹಾಡುಗಾರರ ಕಂಠವನ್ನು ತೆಗೆದುಹಾಕಿದ ರೆಕಾರ್ಡುಗಳನ್ನು ಬೀದಿಯ ಕುಣಿತಗಳಲ್ಲಿ ಹಾಕತೊಡಗಿದರು. ಇದನ್ನು ಒಂದು ಕಲೆಯನ್ನಾಗಿ ಮಾಡಿದವರು ಕಿಂಗ್ ಟಬ್ಬಿ ಎಂದು ಹೆಸರಾದ ಆಸ್ಬೋರ್ನ್ ರಡಕ್. 1941ರಲ್ಲಿ ಹುಟ್ಟಿ 1989ರಲ್ಲಿ ತೀರಿಕೊಂಡ ಈತ ಮೂಲತಃ ರೇಡಿಯೊ ರಿಪೇರಿಯವರು. ನಾಲ್ಕು ಟ್ರ್ಯಾಕಿನ ಒಂದು ಹಳೆಯ ಮಿಕ್ಸರ್, ತಾವೇ ಬಿಚ್ಚಿ ಕಟ್ಟಿದ ಎಕೋ ಉಪಕರಣ, ಕೆಳಸ್ಥಾಯಿಯನ್ನು ಕತ್ತರಿಸುವ ಒಂದು ಫಿಲ್ಟರು, ಇಷ್ಟನ್ನು ಇಟ್ಟುಕೊಂಡು, ಮುಗಿದುಹೋದ ಹಾಡೊಂದನ್ನು ಮತ್ತೆ ಬಿಡಿಸಿ, ಗಿಟಾರನ್ನು ಒಮ್ಮೆ ಅಳಿಸಿ, ಡ್ರಮ್ಮಿನ ಒಂದೇ ಏಟನ್ನು ಎಕೋಗೆ ಎಸೆದು, ಬಾಸ್ ಮಾತ್ರ ಉಳಿಯುವಂತೆ ಮಾಡಿ, ಅದೇ ಹಾಡಿನಿಂದ ಬೇರೆಯೇ ರಚನೆಯನ್ನು ಹೊರತೆಗೆಯುತ್ತಿದ್ದರು. ಅವರ ಕೈಗೆ ಮಿಕ್ಸರೇ ವಾದ್ಯವಾಗಿತ್ತು. ವಿರಾಜಪೇಟೆಯಲ್ಲಿ, ಗೋಣಿಕೊಪ್ಪದಲ್ಲಿ ಒಂದು ಕಾಲಕ್ಕೆ ಇದ್ದ ರೇಡಿಯೊ ರಿಪೇರಿ ಅಂಗಡಿಗಳನ್ನು ನೆನೆದರೆ, ಅಂತಹವರ ಕೈಗೆ ಸೋಲ್ಡರಿಂಗ್ ಕಡ್ಡಿಯ ಜೊತೆಗೆ ಒಂದು ತಂಡವೂ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ನನಗೆ ಕುತೂಹಲವಾಗುತ್ತದೆ.

ಜಪಾನಿನವರದು ನಕಲು ಎಂಬ ಮಾತಿಗೆ ಇಲ್ಲೇ ಒಂದು ಉತ್ತರವಿದೆ. ಜಮೈಕಾದ ಡಬ್ ಸಂಗೀತದಲ್ಲಿ ಹೆಸರು ಮಾಡಿದ ಎಕೋ ಯಂತ್ರಗಳಲ್ಲಿ ಒಂದು ಸ್ಪೇಸ್ ಎಕೋ. ಅಲ್ಲಿನ ಹೆಸರಾಂತ ಡಬ್ ನಿರ್ಮಾಪಕ ಲೀ ಪೆರ್ರಿ ಅವರ ಸ್ಟುಡಿಯೊದಲ್ಲಿ ಅದು ಮುಖ್ಯ ಸಾಧನವಾಗಿತ್ತು. ಅದನ್ನು 1974ರಲ್ಲಿ ಹೊರತಂದದ್ದು ಒಸಾಕಾದಲ್ಲಿ 1972ರಲ್ಲಿ ಇಕುತಾರೊ ಕಾಕೆಹಾಶಿ ಅವರು ಸ್ಥಾಪಿಸಿದ ರೋಲೆಂಡ್ ಸಂಸ್ಥೆ. ಒಂದು ಪೆಟ್ಟಿಗೆಯೊಳಗೆ ಸುತ್ತುತ್ತಿರುವ ಕಾಂತೀಯ ಟೇಪು, ಧ್ವನಿಯನ್ನು ಬರೆಯುವ ಒಂದು ಹೆಡ್ಡು, ಸ್ವಲ್ಪ ಸ್ವಲ್ಪ ದೂರದಲ್ಲಿ ಅದನ್ನು ಓದುವ ಮೂರು ಹೆಡ್ಡುಗಳು. ಟೇಪು ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಸಾಗಲು ಹಿಡಿಯುವ ಹೊತ್ತೇ ಎಕೋದ ಅಂತರ. ಮೋಟಾರಿನ ವೇಗ ಬದಲಿಸಿದರೆ ಅಂತರವೂ ಬದಲಾಗುತ್ತದೆ, ಬದಲಾಗುವ ಆ ಕ್ಷಣದಲ್ಲಿ ಸ್ವರ ಜಾರುತ್ತದೆ. ಹೊರಬಂದ ಧ್ವನಿಯನ್ನು ಮತ್ತೆ ಮತ್ತೆ ಒಳಕ್ಕೆ ಊಡಿದರೆ ಯಂತ್ರ ತಾನೇ ಕೂಗತೊಡಗುತ್ತದೆ. ನಮ್ಮ ದೇಶಕ್ಕೂ ಅದೇ ಸಂಸ್ಥೆಯ ಉಪಕರಣಗಳು ಬಂದವು. 1982ರಲ್ಲಿ ಮುಂಬೈಯ ಚರಣಜಿತ್ ಸಿಂಗ್ ಹತ್ತು ರಾಗಗಳನ್ನು ರೋಲೆಂಡ್ ಯಂತ್ರಗಳ ಮೇಲೆ ನುಡಿಸಿ ತಂದ ಧ್ವನಿಮುದ್ರಿಕೆ ಬಹಳ ತಡವಾಗಿ ಜಗತ್ತಿನ ಗಮನ ಸೆಳೆಯಿತು. ಒಸಾಕಾದ ಯಂತ್ರ ಕಿಂಗ್‌ಸ್ಟನ್‌ಗೆ ಹೋಗಿ, ಅಲ್ಲಿ ಒಂದು ಕೈಚಳಕವನ್ನು ಕಲಿತು, ಆ ಕೈಚಳಕ ಟೋಕಿಯೊಗೆ ಮರಳಿ ಅಮೆರಿಕದ ಸಂಗೀತದೊಡನೆ ಸೇರಿದೆ. ಇದರಲ್ಲಿ ಮೂಲ ಯಾವುದು, ನಕಲು ಯಾವುದು ಎಂದು ವಾಚಕ ಮಹನೀಯರೇ ಬಿಡಿಸಿ ಹೇಳಬೇಕು.

ಜಾಝ್ ಕೂಡ ಜಪಾನಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಯೊಕೊಹಾಮಾದಲ್ಲಿ ಚಿಗುಸಾ ಎಂಬ ಕಾಫಿ ಅಂಗಡಿ 1933ರಲ್ಲೇ ತೆರೆದಿತ್ತು. ರೆಕಾರ್ಡ್ ಹಾಕಿ, ಮಾತಾಡದೆ ಕೂತು ಜಾಝ್ ಕೇಳುವ ಇಂತಹ ಅಂಗಡಿಗಳನ್ನು ಅಲ್ಲಿ ಜಾಝ್ ಕಿಸ್ಸಾ ಎನ್ನುತ್ತಾರೆ. ಯುದ್ಧದ ಕಾಲದಲ್ಲಿ ಶತ್ರುಗಳ ಸಂಗೀತವೆಂದು ಸರ್ಕಾರ ಜಾಝ್ ಅನ್ನು ನಿಷೇಧಿಸಿತು. ಯುದ್ಧಾನಂತರ, ಒಬ್ಬ ವಿದ್ಯಾರ್ಥಿಗೆ ಆಮದು ರೆಕಾರ್ಡ್ ಕೊಳ್ಳುವುದು ಕನಸಿನ ಮಾತಾಗಿದ್ದಾಗ, ಒಂದು ಲೋಟ ಕಾಫಿಯ ಬೆಲೆಗೆ ಗಂಟೆಗಟ್ಟಲೆ ಕೇಳಬಹುದಾಗಿದ್ದ ಈ ಅಂಗಡಿಗಳೇ ಶಾಲೆಗಳಾದವು. ಪಿಯಾನೊ ವಾದಕಿ ತೋಶಿಕೊ ಅಕಿಯೋಶಿ 1956ರಲ್ಲಿ ಅಮೆರಿಕದ ಬರ್ಕ್ಲೀ ಸಂಗೀತಶಾಲೆಗೆ ಹೋಗುವ ಮುನ್ನ ಚಿಗುಸಾದಲ್ಲಿ ಕೂತು ಕೇಳಿಯೇ ಕಲಿತವರು. ದೇಶದ ಕಾಫಿಯಲ್ಲಿ ದೊಡ್ಡ ಪಾಲು ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಪ್ರವಾಸಿಗಳಿಗೆಂದು ಈಗ ತಿರುವಿಗೊಂದು ಕೆಫೆ ಇದೆ. ಅಲ್ಲಿ ಯಾರಾದರೂ ಏನನ್ನಾದರೂ ಕೇಳಿಸಿಕೊಳ್ಳುತ್ತಾರೆಯೇ ಎಂಬುದು ಬೇರೆ ಪ್ರಶ್ನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು, ಆದ್ದರಿಂದ ಒಂದಿಷ್ಟು ಲೆಕ್ಕವನ್ನು ಸಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಎದುರಿನ ಬೆಟ್ಟದ ಗೋಡೆ 170 ಮೀಟರ್ ದೂರವಿದ್ದರೆ ನಮ್ಮ ಕೂಗು ಒಂದು ಸೆಕೆಂಡಿಗೆ ಮರಳುತ್ತದೆ. ಡಬ್‌ಗೆ ಮೂಲವಾದ ಜಮೈಕಾದ ರೆಗ್ಗೆ ಸಂಗೀತ ನಿಮಿಷಕ್ಕೆ ಸುಮಾರು 75 ಎಣಿಕೆಯ ನಿಧಾನಗತಿಯದು ಎಂದಿಟ್ಟುಕೊಂಡರೆ, ಒಂದು ಎಣಿಕೆಯಿಂದ ಇನ್ನೊಂದಕ್ಕೆ 0.8 ಸೆಕೆಂಡ್ ಬಿಡುವಿದೆ. ಡ್ರಮ್ಮಿನ ಒಂದು ಏಟು ಎಕೋ ಆಗಿ ಎರಡು ಮೂರು ಸಲ ಮರಳಿ ಬಂದು ಕರಗಲು ಅಷ್ಟು ಜಾಗ ಧಾರಾಳ. ಬೀಬಾಪ್‌ನ ವೇಗದ ರಚನೆ ನಿಮಿಷಕ್ಕೆ 300 ಎಣಿಕೆಯನ್ನು ಮುಟ್ಟುತ್ತದೆ: ಒಂದು ಎಣಿಕೆಗೆ 0.2 ಸೆಕೆಂಡ್, ಎಣಿಕೆಗೆ ಎರಡು ಸ್ವರದಂತೆ ಒಂದು ಸ್ವರಕ್ಕೆ 0.1 ಸೆಕೆಂಡ್. ಅಂದರೆ ರೆಗ್ಗೆಯ ಒಂದೇ ಎಣಿಕೆಯ ಅವಧಿಯಲ್ಲಿ ಬೀಬಾಪ್‌ನ ನಾಲ್ಕು ಎಣಿಕೆಯ ಇಡೀ ಆವರ್ತವೊಂದು ಎಂಟು ಸ್ವರಗಳೊಡನೆ ಮುಗಿದು, ಸ್ವರಮೇಳವೂ ಬದಲಾಗಿರುತ್ತದೆ. ಇಂತಹ ಸಂಗೀತಕ್ಕೆ ಎಕೋವನ್ನು ಹಾಕಿ ಸುಮ್ಮನೆ ಬಿಟ್ಟರೆ, ಪ್ರತಿ ಸ್ವರವೂ ತನ್ನ ಮುಂದಿನ ಸ್ವರವನ್ನು ತುಳಿದು, ಹಳೆಯ ಸ್ವರಮೇಳದ ಸ್ವರಗಳು ಹೊಸದರೊಳಗೆ ನುಗ್ಗಿ, ನಮ್ಮ ವಾಚಕರು ಹೇಳಿದ ಗದ್ದಲವೇ ಆಗುತ್ತದೆ. ಜಗತ್ತಿನ ಸಂಗೀತ ಶೈಲಿಗಳಲ್ಲಿ ಎಕೋಗೆ ಹೊಂದದ ಶೈಲಿಯೊಂದನ್ನು ಹುಡುಕಿ ತರಲು ಹೇಳಿದರೆ ಬಲ್ಲವರು ಮೊದಲು ಬೀಬಾಪ್‌ನತ್ತಲೇ ಬೆರಳು ತೋರಿಸಿಯಾರು.

ಹಾಗಾದರೆ ಆರನೆಯ ಸದಸ್ಯರ ವಿದ್ಯೆ ಎಲ್ಲಿದೆ? ಎಲ್ಲಿ ಹಾಕಬಾರದೆಂದು ತಿಳಿಯುವುದರಲ್ಲಿ ಅದರ ಬಹುಪಾಲು ಇದೆ. ಸ್ಯಾಕ್ಸೊಫೋನ್ ವಾಕ್ಯವೊಂದು ಓಡುತ್ತಿರುವಾಗ ಅದನ್ನು ಎಕೋ ಇಲ್ಲದೆ ಒಣದಾಗಿಯೇ ಬಿಟ್ಟು, ವಾಕ್ಯ ಮುಗಿಯುವ ಕೊನೆಯ ಸ್ವರಕ್ಕೆ ಮಾತ್ರ ಎಕೋದ ಬಾಗಿಲು ತೆರೆದು ತಕ್ಷಣ ಮುಚ್ಚಿದರೆ, ಆ ಒಂದು ಸ್ವರ ಮಾತ್ರ ಹಿಂದೆ ಉಳಿದು ವಾದಕರು ಉಸಿರು ತೆಗೆದುಕೊಳ್ಳುವ ಬಿಡುವನ್ನು ತುಂಬುತ್ತದೆ. ಡ್ರಮ್ಸ್‌ನ ನಿರಂತರ ತಾಳ ತಟ್ಟೆಯನ್ನು ಮುಟ್ಟದೆ, ನಡುವೆ ಬೀಳುವ ಒಂದು ಒತ್ತಿನ ಏಟನ್ನು ಮಾತ್ರ ಆರಿಸಿ ಎಸೆದರೆ, ನಿಜವಾದ ತಾಳದ ಮೇಲೆ ಇನ್ನೊಂದು ಗತಿ ತೇಲತೊಡಗುತ್ತದೆ. ಎಕೋದಿಂದ ಕೆಳಸ್ಥಾಯಿಯನ್ನು ಕತ್ತರಿಸಿಬಿಟ್ಟರೆ, ಬಾಸ್ ವಾದಕರು ನಡೆಸುತ್ತಿರುವ ಸ್ವರಮೇಳದ ನಡೆಗೆ ಅಡ್ಡಿಯಾಗುವುದಿಲ್ಲ. ಇಷ್ಟನ್ನು ಮಾಡಬೇಕಾದರೆ ರಚನೆ ಎಲ್ಲಿದೆ, ಸ್ವರಮೇಳ ಯಾವಾಗ ತಿರುಗುತ್ತದೆ, ಏಕವಾದನ ಮಾಡುತ್ತಿರುವವರ ವಾಕ್ಯ ಎಲ್ಲಿ ಮುಗಿಯಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಆಶುವಾದನದಲ್ಲಿ ಅದು ಬರೆದಿಟ್ಟದ್ದಲ್ಲ. ಕೇಳುತ್ತ ಕೇಳುತ್ತ ಊಹಿಸಬೇಕಾದದ್ದು. ಕರ್ನಾಟಕ ಸಂಗೀತದಲ್ಲಿ ಗಾಯಕರ ಆಲಾಪನೆಯನ್ನು ಕೂದಲೆಳೆಯಷ್ಟು ಹಿಂದೆ ನಿಂತು ಅನುಸರಿಸುವ ಪಿಟೀಲು ವಾದಕರಿಗೆ ಬೇಕಾದ ಕಿವಿಯೇ ಇಲ್ಲಿಯೂ ಬೇಕು. ಪಕ್ಕವಾದ್ಯದ ಆ ಪಿಟೀಲನ್ನು ನಾವು ಯಾರೂ ಎಕೋ ಯಂತ್ರವೆಂದು ಕರೆಯುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ. ಸ್ಟುಡಿಯೊದಲ್ಲಿ ಕಿಂಗ್ ಟಬ್ಬಿಯ ಎದುರಿಗಿದ್ದ ಟೇಪು ಅವರ ಕೈಚಳಕಕ್ಕೆ ಉತ್ತರ ಕೊಡುವಂತಿರಲಿಲ್ಲ. ಅದರ ಮೇಲಿನ ಸಂಗೀತ ಮುದ್ರಣವಾಗಿ ಮುಗಿದಿತ್ತು. ಐವರು ಜೀವಂತವಾಗಿ ನುಡಿಸುತ್ತಿರುವಾಗ ಹಾಗಲ್ಲ. ತನ್ನದೇ ಏಟು ತಿರುಗಿ ಬಂದದ್ದನ್ನು ಡ್ರಮ್ಸ್ ವಾದಕರು ಕೇಳುತ್ತಾರೆ, ಅದಕ್ಕೆ ಎದುರಾಗಿ ಇನ್ನೊಂದು ಏಟು ಹಾಕುತ್ತಾರೆ. ಟ್ರಂಪೆಟ್ ವಾದಕರು ಎಕೋ ಕರಗುವವರೆಗೆ ಕಾಯುತ್ತಾರೆ ಅಥವಾ ಬೇಕೆಂದೇ ಅದರ ಮೇಲೆ ಹತ್ತುತ್ತಾರೆ. ಹೀಗೆ ಮಿಕ್ಸರಿನ ಕೈ ಮತ್ತು ವಾದ್ಯದ ಕೈ ಒಂದನ್ನೊಂದು ಬದಲಾಯಿಸುತ್ತ ಹೋಗುತ್ತವೆ. ಈ ತಂಡದಲ್ಲಿ ಎಲ್ಲವೂ ನನಗೆ ಒಪ್ಪಿಗೆಯಾಗಿದೆ ಎಂದೇನೂ ಇಲ್ಲ. ಕೆಲವು ಕಡೆ ಟ್ರಂಪೆಟ್ಟಿನ ಮೇಲೆ ಎಕೋ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೂರುತ್ತದೆ ಎಂದು ನನ್ನ ಕಿವಿಗೆ ಅನಿಸಿದೆ. ನಿಧಾನಗತಿಯ ರಚನೆಗಳಲ್ಲಿ ಪಿಯಾನೊ ಒಂದೇ ಇರುವ ಜಾಗಗಳನ್ನು ಮುಟ್ಟದೆ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು ಎಂದೂ ಅನಿಸಿದೆ. ಆದರೆ ಹೀಗೆ ಆಕ್ಷೇಪಿಸುವಾಗ ನಾನು ಒಬ್ಬ ವಾದಕರ ಅಭಿರುಚಿಯನ್ನು ವಿಮರ್ಶಿಸುತ್ತಿದ್ದೇನೆಯೇ ಹೊರತು ಒಂದು ಯಂತ್ರವನ್ನು ಬೈಯುತ್ತಿಲ್ಲ, ಮತ್ತು ನನ್ನ ಮನವಿಯೂ ಇಷ್ಟೇ.

ಜಾಝ್‌ನ ಶುದ್ಧತೆಯ ಮಾತನ್ನು ಎರಡು ಸಂಗತಿಗಳೊಂದಿಗೆ ಮುಗಿಸುತ್ತೇನೆ. ಚಾರ್ಲಿ ಪಾರ್ಕರ್ ಅವರಿಗೆ ಅತಿ ಸಮೀಪದ ಶೈಲಿಯವರೆಂದು ಹೆಸರಾದ ಬೀಬಾಪ್ ಸ್ಯಾಕ್ಸೊಫೋನ್ ವಾದಕ ಸನ್ನಿ ಸ್ಟಿಟ್ 1966ರಲ್ಲೇ, ಒಂದು ಸ್ವರದೊಡನೆ ಅದರ ಕೆಳಸ್ಥಾಯಿಯನ್ನೂ ಹೊರಡಿಸಬಲ್ಲ ವ್ಯಾರಿಟೋನ್ ಎಂಬ ಎಲೆಕ್ಟ್ರಾನಿಕ್ ಸಾಧನವನ್ನು ತಮ್ಮ ವಾದ್ಯಕ್ಕೆ ಜೋಡಿಸಿ ಆಲ್ಬಂ ತಂದಿದ್ದರು. ಬೀಬಾಪ್ ಕಾಲದಲ್ಲಿ ಪಾರ್ಕರ್ ಪಕ್ಕದಲ್ಲೇ ನಿಂತು ನುಡಿಸಿದ್ದ ಮೈಲ್ಸ್ ಡೇವಿಸ್ 1975ರ ಫೆಬ್ರವರಿ 1ರಂದು ಒಸಾಕಾದಲ್ಲಿ ಮಧ್ಯಾಹ್ನ ಒಂದು, ಸಂಜೆ ಒಂದು ಕಛೇರಿ ಮಾಡಿದಾಗ ಅವರ ಟ್ರಂಪೆಟ್ ಸ್ವರದ ಬಣ್ಣವನ್ನು ‘ವಾ-ವಾ’ ಎಂಬಂತೆ ಬದಲಿಸುವ ವಾ-ವಾ ಪೆಡಲಿನ ಮೂಲಕವೇ ಹೊರಬರುತ್ತಿತ್ತು; ಎರಡೂ ಕಛೇರಿಗಳು ಆಲ್ಬಮ್ಮುಗಳಾಗಿ ಉಳಿದಿವೆ. ಪರಂಪರೆಯ ಒಳಗಿನವರೇ ಯಂತ್ರವನ್ನು ಒಳಗೆ ಕರೆದಿದ್ದಾರೆ. ಹೊರಗಿನಿಂದ ಬಂದ ಧಾಳಿಕೋರರಾರೂ ಇಲ್ಲಿಲ್ಲ.

ನಮ್ಮಲ್ಲಿಯೂ ಹಾಗೆಯೇ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಗಮಕಕ್ಕೆ ಒಗ್ಗದ ಆ ಲೋಹದ ವಾದ್ಯವನ್ನು ಒಗ್ಗಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಕೊಂಡೊಯ್ದರು. ನಾಗಸ್ವರದ ಜಾಗಕ್ಕೆ ಬ್ಯಾಂಡಿನ ವಾದ್ಯ ಬಂತಲ್ಲ ಎಂದು ಅಂದು ಮೂಗು ಮುರಿದವರಿಲ್ಲದೆ ಇರಲಿಲ್ಲ. ಮನೆಮನೆಯ ಸಂಗೀತಪಾಠದಲ್ಲಿ ಇಂದು ಶ್ರುತಿ ಹಿಡಿದಿರುವುದು ಬೆಂಗಳೂರಿನಲ್ಲೇ ತಯಾರಾದ ಎಲೆಕ್ಟ್ರಾನಿಕ್ ತಂಬೂರಿ. ಅದರ ವಿರುದ್ಧ ನಮ್ಮ ವಾಚಕರು ಪತ್ರ ಬರೆದದ್ದನ್ನು ನಾನು ಕಂಡಿಲ್ಲ.

ಕೊಡಗಿನ ಸಂಗೀತದ ಒಡಲಲ್ಲೇ ಮರುದನಿಯ ಕಲ್ಪನೆ ಇದೆ ಎಂಬುದು ಅವರಿಗೆ ಹೊಳೆದಿಲ್ಲವೇಕೋ. ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋಪಾಟ್ ಹಾಡುವಾಗ ನಾಲ್ವರು ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ನಿಲ್ಲುತ್ತಾರೆ. ಇಬ್ಬರು ಒಂದು ಸಾಲನ್ನು ಹಾಡಿದರೆ ಇನ್ನಿಬ್ಬರು ಅದನ್ನು ಮರಳಿ ಹಾಡುತ್ತಾರೆ. ಆ ಮರಳಿಕೆ ಬರೀ ಪುನರಾವರ್ತನೆಯಲ್ಲ. ಮೊದಲಿನ ಇಬ್ಬರಿಗೆ ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು ಸಿಗುವ ಹೊತ್ತು, ಕೇಳುವವರಿಗೆ ಮಾತು ಮನಸ್ಸಿಗಿಳಿಯುವ ಹೊತ್ತು. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿಕೊಟ್ಟ ಹಾಡುಗಳು ಹೀಗೆ ಮರಳಿ ಮರಳಿ ಹಾಡಿಕೊಂಡೇ ಬಾಯಿಂದ ಬಾಯಿಗೆ ಉಳಿದುಬಂದವು. ಇಂದು ಇದೇ ಬಾಳೋಪಾಟ್ ವೇದಿಕೆಯ ಮೇಲೆ ಬಂದಾಗ ನಾಲ್ವರಿಗೂ ಸೇರಿ ಒಂದೇ ಮೈಕು ಇರುತ್ತದೆ, ಅಥವಾ ಎರಡು ಮೈಕುಗಳಿದ್ದು ಎರಡಕ್ಕೂ ಸಿನಿಮಾ ಹಾಡಿಗೆ ಹಾಕಿದ ಎಕೋವನ್ನೇ ಹಾಕಿರುತ್ತಾರೆ. ಮರಳಿ ಹಾಡುವ ಇಬ್ಬರು ಬಾಯಿ ತೆರೆಯುವ ಮೊದಲೇ ಯಂತ್ರ ಅವರ ಸಾಲನ್ನು ಹಾಡಿ ಮುಗಿಸಿರುತ್ತದೆ. ದುಡಿಯ ಸಣ್ಣ ಏಟು ಅದರಡಿ ಸಿಕ್ಕಿ ಹಪ್ಪಳವಾಗುತ್ತದೆ. ಕೊಂಬು, ಕೊಟ್ಟು ಮತ್ತು ಪರೆಯೊಡನೆ ಬರುವ ವಾಲಗದ ಗತಿಯಂತೂ ಏಟು ಏಟಿನ ನಡುವಣ ಖಾಲಿ ಜಾಗದಲ್ಲೇ ಇರುವಂಥದ್ದು. ಆ ಖಾಲಿ ಜಾಗವನ್ನು ರಿವರ್ಬ್ ತುಂಬಿಬಿಟ್ಟರೆ ಕುಣಿಯುವವರ ಕಾಲಿಗೆ ಹಿಡಿತ ಸಿಗುವುದಿಲ್ಲ. ಇಲ್ಲಿ ತಪ್ಪು ಎಕೋದ್ದೋ, ಅದನ್ನು ಬೆಳಿಗ್ಗೆ ಒಮ್ಮೆ ಹಚ್ಚಿ ಸಂಜೆಯವರೆಗೆ ಹಾಗೆಯೇ ಬಿಟ್ಟು ಚಹಾ ಕುಡಿಯಲು ಹೋದದ್ದರದ್ದೋ?

ಹಾಗೆ ಹೋಗುವವರನ್ನೂ ನಾನು ದೂರಲಾರೆ. ಸಂಘಟಕರು ಅವರನ್ನು ಕರೆಯುವುದು ಶಾಮಿಯಾನ, ಕುರ್ಚಿ, ಜನರೇಟರುಗಳ ಪಟ್ಟಿಯಲ್ಲಿ. ಯಾರು ಹಾಡುತ್ತಾರೆ, ಎಷ್ಟು ಜನ, ಯಾವ ವಾದ್ಯ ಎಂಬುದನ್ನು ಅವರಿಗೆ ಯಾರೂ ತಿಳಿಸುವುದಿಲ್ಲ, ಅಭ್ಯಾಸಕ್ಕೆ ಕರೆಯುವುದಿಲ್ಲ, ಕಾರ್ಯಕ್ರಮ ಶುರುವಾದ ಮೇಲೆ ‘ಸೌಂಡ್ ಏರಿಸಿ’ ಎಂದು ವೇದಿಕೆಯಿಂದ ಕೈಸನ್ನೆ ಮಾಡುವುದೊಂದೇ ಅವರಿಗೆ ಸಿಗುವ ಸಂಗೀತಪಾಠ. ಏರಿಸುವುದನ್ನು ಅವರು ಚೆನ್ನಾಗಿ ಕಲಿತಿದ್ದಾರೆ.

ಏರಿಸುವುದರ ವಿಷಯದಲ್ಲಿ ನಮ್ಮ ವಾಚಕರ ದೂರು ನ್ಯಾಯವಾದದ್ದು, ಮತ್ತು ಅದಕ್ಕೆ ಕಾನೂನು ಈಗಾಗಲೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ವಿಶೇಷ ಸಂದರ್ಭಗಳ ವಿನಾಯಿತಿಯ ಮಾತು ಬೇರೆ. ಮಡಿಕೇರಿ ದಸರಾ ಮೆರವಣಿಗೆಯ ದಶಮಂಟಪಗಳಲ್ಲಿ ಹತ್ತೂ ಮಂಟಪಗಳು ಒಂದನ್ನೊಂದು ಮುಳುಗಿಸುವಂತೆ ಧ್ವನಿ ಏರಿಸಿದರೆ ಅದನ್ನು ಈ ನಿಯಮದಡಿ ಪ್ರಶ್ನಿಸಬೇಕು. ಆದರೆ ಜೋರು ಎಂಬುದು ಒಂದು, ಎಲೆಕ್ಟ್ರಾನಿಕ್ ಎಂಬುದು ಇನ್ನೊಂದು. ಎಕೋ ಹಚ್ಚಿದ ಟ್ರಂಪೆಟ್ ಪಿಸುಮಾತಿನಷ್ಟು ಮೆಲ್ಲಗೆ ಇರಬಹುದು; ಯಾವ ಯಂತ್ರದ ಸೋಂಕೂ ಇಲ್ಲದ ಹತ್ತು ಜೋಡಿ ಚೆಂಡೆ ಕಿವಿಯನ್ನು ಕಿವುಡಾಗಿಸಬಹುದು. ಎರಡನ್ನೂ ಒಂದೇ ಕಂತೆಯಲ್ಲಿ ಕಟ್ಟಿ ನಿಷೇಧ ಕೇಳಿದರೆ, ಕೊನೆಗೆ ಜೋರು ಹಾಗೆಯೇ ಉಳಿದು, ಹೊಸದನ್ನು ಪ್ರಯತ್ನಿಸುವ ಯಾರೋ ಒಬ್ಬ ಹುಡುಗನ ಕೀಬೋರ್ಡ್ ಮಾತ್ರ ವೇದಿಕೆಯಿಂದ ಇಳಿಯುತ್ತದೆ.

ನಿಷೇಧದ ಬದಲು ನಾನು ಕೇಳುವುದು ಸಣ್ಣ ಸಂಗತಿಗಳನ್ನು. ಮಡಿಕೇರಿ ಮತ್ತು ಗೋಣಿಕೊಪ್ಪ ದಸರಾಗಳ ಸಾಂಸ್ಕೃತಿಕ ಸಮಿತಿಗಳು ಆಮಂತ್ರಣ ಪತ್ರಿಕೆಯಲ್ಲಿ ಪಕ್ಕವಾದ್ಯದವರ ಹೆಸರಿನ ಸಾಲಿನಲ್ಲೇ ಧ್ವನಿ ನಿರ್ವಹಿಸುವವರ ಹೆಸರನ್ನೂ ಅಚ್ಚು ಹಾಕಲಿ. ಹೆಸರು ಬಂದರೆ ಹೊಣೆಯೂ ಬರುತ್ತದೆ, ಹೊಣೆ ಬಂದರೆ ಅಭ್ಯಾಸಕ್ಕೆ ಬರಬೇಕೆಂದು ಕೇಳುವ ಹಕ್ಕು ಕಲಾವಿದರಿಗೆ ಸಿಗುತ್ತದೆ. ಅದಕ್ಕೆ ತಕ್ಕ ಸಂಭಾವನೆಯನ್ನು ಕೇಳುವ ಹಕ್ಕು ಅವರಿಗೂ ಇರಲಿ. ಮಡಿಕೇರಿಯ ಆಕಾಶವಾಣಿ ಕೇಂದ್ರದಲ್ಲಿ ಜನಪದ ಗಾಯಕರ ಮುಂದೆ ಮೈಕು ಎಲ್ಲಿಡಬೇಕು, ಎಷ್ಟು ದೂರದಲ್ಲಿಡಬೇಕು ಎಂಬ ಅನುಭವ ವರ್ಷಗಳಿಂದ ಸೇರಿದೆ. ಕೊಡವ ಸಾಹಿತ್ಯ ಅಕಾಡೆಮಿ ಅಲ್ಲಿನ ತಂತ್ರಜ್ಞರನ್ನೂ ಊರೂರಿನ ಮೈಕ್‌ಸೆಟ್ ಹುಡುಗರನ್ನೂ ದುಡಿ ಮತ್ತು ಕೊಂಬಿನವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಒಂದು ಕಮ್ಮಟ ನಡೆಸಿದರೆ ದೊಡ್ಡ ಖರ್ಚೇನೂ ಆಗದು. ಅಲ್ಲಿ ಆ ಜಪಾನೀ ತಂಡದ ಒಂದು ಧ್ವನಿಮುದ್ರಣವನ್ನು ಕೇಳಿಸಿ, ಆರನೆಯವರು ಎಲ್ಲಿ ಕೈಯಾಡಿಸಿದ್ದಾರೆ, ಎಲ್ಲಿ ಸುಮ್ಮನಿದ್ದಾರೆ ಎಂದು ಹುಡುಗರಿಂದಲೇ ಗುರುತಿಸಿಸಬಹುದು. ಹಾಗೆಯೇ, ಸಂಗೀತ ಕಾರ್ಯಕ್ರಮಗಳ ವರದಿ ಬರೆಯುವಾಗ ಉದ್ಘಾಟಕರ ಹೆಸರುಗಳ ನಂತರ ಉಳಿಯುವ ಜಾಗದಲ್ಲಿ, ಅಂದು ಧ್ವನಿ ಹೇಗಿತ್ತು, ಅದನ್ನು ನಿರ್ವಹಿಸಿದವರು ಯಾರು ಎಂಬ ಎರಡು ವಾಕ್ಯಗಳನ್ನು ಸೇರಿಸುವಂತೆ ನಿಮ್ಮ ವರದಿಗಾರರಿಗೆ ಸೂಚಿಸಬೇಕೆಂದು ಕೋರುತ್ತೇನೆ. ಈ ವರ್ಷದ ದಸರಾದ ವರದಿಗಳಿಂದಲೇ ಅದನ್ನು ಆರಂಭಿಸಬಹುದು.

ಇಂತಿ ನಿಮ್ಮ ಪತ್ರಿಕೆಯ ಹಳೆಯ ಓದುಗ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಪೊನ್ನಂಪೇಟೆ, ಕೊಡಗು